ಕೊರಳಿನ ಬೆಳ್ಳಿ ಕೊಳವೆ

ಹೆಣದ ಪಕ್ಕದಲ್ಲೇ ಕೊಲೆಗಾರ ಕೂತಿದ್ದ. ತೊಡೆಯ ಮೇಲೆ ದಿಂಬು.

ಇನ್ಸ್‌ಪೆಕ್ಟರ್ ರುದ್ರಯ್ಯನ ಸರ್ವಿಸಿನಲ್ಲಿ ಇಷ್ಟು ಸಲೀಸಾದ ಕೇಸು ಬಂದಿರಲಿಲ್ಲ. ೧೯೮೪ರ ಧನುರ್ಮಾಸ. ತುಮಕೂರಿನ ಉಪ್ಪಾರಹಳ್ಳಿಯ ಒಂದು ಹೆಂಚಿನ ಮನೆ. ಮಂಚದ ಮೇಲೆ ಬಸ್ ಡ್ರೈವರ್ ಬೆಟ್ಟಯ್ಯನ ಹೆಣ. ಬಾಗಿಲಲ್ಲಿ ಅವನ ಹೆಂಡತಿ ರಂಗಲಕ್ಷ್ಮಮ್ಮ ಕುಸಿದು ಕೂತಿದ್ದಳು, ಪಕ್ಕದಲ್ಲಿ ತುಂಬಿದ ಕೊಡ. ಹೊರಗೆ ಮಂಜಿನಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು.

"ನಾನೇ ಕೊಂದೆ ಸಾಮಿ," ಎಂದ ದಿಂಬಿನವನು. "ಕಾಳಯ್ಯ ಅಂತ. ಹಾಗಲವಾಡಿಯೋನು. ನೇಣಿಗಾಕ್ಬುಡಿ."

"ಯಾಕೆ ಕೊಂದೆ?"

"ನನ್ ಮಗಳು ಇವನ ಬಸ್ಸಲ್ಲಿದ್ಲು."

ಅಷ್ಟು ಸಾಕಿತ್ತು. ಗುಬ್ಬಿಯಿಂದ ಕುಣಿಗಲ್ಲಿಗೆ ಹೊರಟಿದ್ದ ಖಾಸಗಿ ಬಸ್ಸು ಹಿಂದಿನ ವರ್ಷ ಹಾಡಹಗಲೇ ಹುಣಸೆಮರಕ್ಕೆ ಗುದ್ದಿದ್ದನ್ನು ಯಾರೂ ಮರೆತಿರಲಿಲ್ಲ. ಐದು ಹೆಣ ಬಿದ್ದಿದ್ದವು. ಬೆಟ್ಟಯ್ಯ ಸ್ಟಿಯರಿಂಗ್ ಹಿಡಿದೇ ನಿದ್ದೆಹೋಗಿದ್ದ. ಕುಡಿದಿದ್ದ ಎಂದರು ಜನ. ಕುಡಿದಿರಲಿಲ್ಲ, ಅದೊಂದು ಕಾಯಿಲೆ ಎಂದರು ಡಾಕ್ಟರು. ಕೋರ್ಟು ಬಿಟ್ಟಿತು, ಊರು ಬಿಡಲಿಲ್ಲ.

"ಒಳಗೆ ಹೆಂಗೆ ಬಂದೆ?"

"ಆವಮ್ಮ ಕೊಡ ತಕ್ಕೊಂಡು ನಲ್ಲಿ ತಾವ ಹೋದ್ಲು. ಕದ ತೆಗ್ದಿತ್ತು. ಬಂದು ಮಕದ ಮ್ಯಾಲೆ ಒತ್ತಿದೆ."

"ಒದ್ದಾಡಿದನಾ?"

ಕಾಳಯ್ಯ ತೊಡೆಯ ಮೇಲಿನ ದಿಂಬನ್ನು ನೋಡಿದ. "ಇಲ್ಲ ಸಾಮಿ. ಸುಮ್ನೆ ಇದ್ದ."

ರುದ್ರಯ್ಯ ಹೆಣದ ದವಡೆ ಮುಟ್ಟಿ ನೋಡಿದ. ಮರಗಟ್ಟಿತ್ತು. ಈಗಷ್ಟೇ ಸತ್ತವನ ದವಡೆಯಲ್ಲ ಅದು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದುಕೊಂಡು ಹೊದಿಕೆ ಸರಿಸಿದ. ಕತ್ತಿನ ಗುಳಿಯಲ್ಲಿ ಬಾಯಿ ತೆರೆದ ಒಂದು ಬೆಳ್ಳಿಯ ಕೊಳವೆ. ಬಿಳಿ ಲಾಡಿಯಿಂದ ಕತ್ತಿಗೆ ಕಟ್ಟಿತ್ತು.

"ಏನಮ್ಮಾ ಇದು?"

"ಆಪರೇಷನ್ ಮಾಡಿ ಇಟ್ಟಿದ್ದು," ಎಂದಳು ರಂಗಲಕ್ಷ್ಮಮ್ಮ. "ಅದ್ರಲ್ಲೇ ಉಸಿರಾಡೋದು. ಹಗಲೊತ್ತು ಬಿರಡೆ ಹಾಕ್ಕೊಂಡು ಮಾತಾಡೋರು. ಮಲಗುವಾಗ ಬಿರಡೆ ತೆಗೀಬೇಕು."

"ತೊಳೆಯೋದು ಯಾರು?"

"ನಾನೇ. ಅವರು ಎದ್ದು ಕಾಫಿ ಕುಡಿದ್ಮೇಲೆ. ಇವತ್ತು ನಾನು ನೀರಿಗೆ ಹೋಗುವಾಗ ಇನ್ನೂ ಮಲಗಿದ್ರು. ಬರೋ ಹೊತ್ತಿಗೆ ಈ ಪಾಪಿ ಕೂತಿದ್ದ."

ಕಾನ್‌ಸ್ಟೇಬಲ್ ರಾಮಾಂಜಿನಯ್ಯ ಕಾಳಯ್ಯನ ಕೈಗೆ ಬೇಡಿ ತೊಡಿಸಿದ. ರುದ್ರಯ್ಯ ಅಡುಗೆಮನೆಗೆ ಇಣುಕಿದ. ಕಾಫಿಗೆ ಇನ್ನೂ ನೀರಿಟ್ಟಿರಲಿಲ್ಲ. ಸೀಮೆಎಣ್ಣೆ ಸ್ಟೌವಿನ ಮೇಲೆ ಪುಟ್ಟ ಪಾತ್ರೆ, ಅದರಲ್ಲಿ ಉಗುರುಬೆಚ್ಚಗಿನ ನೀರು, ನೀರಿನಲ್ಲಿ ಬೆರಳುದ್ದದ ಒಂದು ಬ್ರಷ್ಷು.

* * *

"ಗೊರಕೆಗೆ ಕತ್ತು ಕುಯ್ಯೋದಾ ಡಾಕ್ಟ್ರೇ?" ಆಸ್ಪತ್ರೆಯಲ್ಲಿ ರುದ್ರಯ್ಯ ಕೇಳಿದ.

ಬೆಟ್ಟಯ್ಯನನ್ನು ಮೊದಲಿನಿಂದ ನೋಡಿದ್ದ ಡಾಕ್ಟರ್ ಶಿವರಾಮಯ್ಯ ಕನ್ನಡಕ ಒರೆಸಿಕೊಂಡರು. "ಬರೀ ಗೊರಕೆ ಅಲ್ಲ ಇನ್ಸ್‌ಪೆಕ್ಟ್ರೇ. ನಿದ್ದೆ ಹತ್ತಿದ ತಕ್ಷಣ ಅವನ ಗಂಟಲು ಮುಚ್ಕೊಳ್ಳೋದು. ಉಸಿರು ನಿಲ್ಲೋದು. ಗಾಬರಿ ಬಿದ್ದು ಏಳೋದು. ರಾತ್ರಿಯೆಲ್ಲ ಇದೇ ಆದ್ರೆ ಹಗಲು ತೂಕಡಿಸದೆ ಇನ್ನೇನು ಮಾಡ್ತಾನೆ? ತೂಕ ಇಳಿಸು ಅಂದೆ, ಮಗ್ಗುಲಾಗಿ ಮಲಗು ಅಂದೆ. ಹೊರದೇಶದಲ್ಲಿ ಯಾವುದೋ ಮೆಷಿನ್ ಕಂಡುಹಿಡಿದಿದಾರಂತೆ, ಅದು ನಮ್ಮ ಕೈಗೆ ಯಾವಾಗ ಬರುತ್ತೋ. ಉಳಿದಿದ್ದು ಆಪರೇಷನ್ನೇ. ಆಕ್ಸಿಡೆಂಟ್ ಆದ್ಮೇಲೆ ಬೆಂಗಳೂರಲ್ಲಿ ಮಾಡಿಸಿದ್ವಿ. ಮುಚ್ಚೋ ಜಾಗದ ಕೆಳಗೇ ತೂತು ಕೊರೆದು ಕೊಳವೆ ಇಟ್ರು."

"ಹಾಗಾದ್ರೆ ಮುಖಕ್ಕೆ ದಿಂಬು ಒತ್ತಿದ್ರೆ?"

"ಕೊಳವೆ ತೆರೆದಿದ್ರೆ ಒತ್ತಿದವನ ಕೈ ನೋಯುತ್ತೆ, ಅಷ್ಟೆ."

"ರಾತ್ರಿ ಬಿರಡೆ ಹಾಕಿದ್ರೆ?"

"ಹಳೇ ಕಾಯಿಲೆ ವಾಪಸ್. ಆದ್ರೂ ಒದ್ದಾಡಿ ಎದ್ದುಬಿಡ್ತಾನೆ. ನಿದ್ದೆ ಮಾತ್ರೆ ಹೊಟ್ಟೇಲಿದ್ರೆ ಏಳಲ್ಲ. ಇವನಿಗೆ ಅದು ವಿಷ ಕಣಮ್ಮಾ, ನಿನ್ನ ಮಾತ್ರೆ ಇವನ ಕೈಗೆ ಸಿಗದ ಹಾಗಿಡು ಅಂತ ಹೆಂಡತಿಗೆ ಎಷ್ಟು ಸಲ ಹೇಳಿದ್ದೆ."

ರುದ್ರಯ್ಯ ತಲೆಯೆತ್ತಿದ. "ಅವಳ್ಯಾಕೆ ಮಾತ್ರೆ ತಗೊಳ್ತಾಳೆ?"

"ನಿಮಗೆ ಗೊತ್ತಿಲ್ವಾ? ಆ ಐದು ಹೆಣದಲ್ಲಿ ಒಂದು ಅವಳ ಮಗಂದು. ಅಪ್ಪನ ಬೆನ್ನ ಹಿಂದಿನ ಸೀಟಲ್ಲೇ ಕೂತಿದ್ದ."

ಇಬ್ಬರೂ ಶವಾಗಾರಕ್ಕೆ ನಡೆದರು. ಡಾಕ್ಟರು ಕೊಳವೆಯೊಳಗಿನ ಕಿರುಗೊಳವೆಯನ್ನು ತಿರುವಿ ಹೊರಗೆಳೆದು ಬೆಳಕಿಗೆ ಹಿಡಿದರು. ಥಳಥಳ ಹೊಳೆಯಿತು.

"ಇದೇನ್ರೀ ಇದು," ಎಂದರು. "ರಾತ್ರಿಯೆಲ್ಲ ಉಸಿರಾಡಿದ ಕೊಳವೆಯಲ್ಲಿ ಬೆಳಗಾಗೋ ಹೊತ್ತಿಗೆ ಕಫ ಕಟ್ಟಿರಲೇಬೇಕು."

* * *

ಸ್ಟೇಷನ್ನಿನ ಬೆಂಚಿನ ಮೇಲೆ ರಂಗಲಕ್ಷ್ಮಮ್ಮ ಸೆರಗು ಹೊದ್ದು ಕೂತಿದ್ದಳು. ರುದ್ರಯ್ಯನಿಗೆ ಗದರಿಸುವ ಮನಸ್ಸಾಗಲಿಲ್ಲ. ಈ ಕೆಲಸವೇ ಬೇಡವಾಗಿತ್ತು ಅನ್ನಿಸಿತು. ಆದರೆ ಒಳಗೆ ಕಾಳಯ್ಯ ನೇಣಿಗೆ ತಯಾರಾಗಿ ಕೂತಿದ್ದ.

"ಅಮ್ಮಾ, ಕಾಳಯ್ಯ ದಿಂಬು ಒತ್ತಿದ್ದು ಸತ್ತವನ ಮುಖಕ್ಕೆ. ದವಡೆ ಆಗಲೇ ಮರಗಟ್ಟಿತ್ತು. ಬದುಕಿದ್ದಿದ್ರೂ ದಿಂಬಿಗೆ ಸಾಯೋನಲ್ಲ. ಆ ತೂತಿನ ವಿಷಯ ಗೊತ್ತಿದ್ದೋರು ಮಾಡಿರೋ ಕೆಲಸ ಇದು."

ಅವಳು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು.

"ಗಂಡ ಮಲಗಿದ್ದ, ಕೊಳವೆ ತೊಳೆದಿಲ್ಲ ಅಂದೆ. ಆದ್ರೆ ಕೊಳವೆ ಫಳಫಳ ಅಂತಿದೆ. ಬ್ರಷ್ಷಿನ ನೀರು ಇನ್ನೂ ಬೆಚ್ಚಗಿತ್ತು. ಬಿರಡೆ ತೆಗೆದು ಹಾಗೇ ಬಿಟ್ಟಿದ್ರೆ ನಿನ್ನನ್ನ ಯಾರೂ ಕೇಳ್ತಿರ್ಲಿಲ್ಲ. ಸತ್ತವನ ಕೊಳವೆ ಯಾಕಮ್ಮಾ ತೊಳೆದೆ?"

ರಂಗಲಕ್ಷ್ಮಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು.

"ಬೆಳಿಗ್ಗೆ ಎದ್ದು ಬಿರಡೆ ತೆಗೆದೆ," ಎಂದಳು. "ತೆಗೆದ ಕೈ ಸುಮ್ನಿರಲಿಲ್ಲ. ದಿನಾ ಮಾಡೋ ಕೆಲಸ. ನೀರು ಕಾಯಿಸ್ದೆ, ಉಜ್ಜಿದೆ, ಹೊಸ ಲಾಡಿ ಕಟ್ದೆ. ಕಟ್ಟಿ ಆದ್ಮೇಲೆ ಗ್ಯಾನ ಬಂತು, ಯಾರಿಗೆ ಕಟ್ತಿದೀನಿ ಅಂತ."

"ಯಾಕೆ ಮಾಡ್ದೆ?"

"ಆಪರೇಷನ್ ಮಾಡಿಸ್ಕೊ ಅಂತ ಮೊದಲೇ ಕಾಲು ಹಿಡ್ದಿದ್ದೆ. ಗಂಡಸು ಗೊರಕೆಗೆಲ್ಲ ಕತ್ತು ಕುಯ್ಸ್ಕೊತಾನಾ ಅಂದ. ಮಗ ಹೋದ್ಮೇಲೆ ಕುಯ್ಸ್ಕೊಂಡ." ಅವಳ ದನಿ ಏರಲಿಲ್ಲ. "ಮೊದ್ಲು ಅವನಿಗೂ ನಿದ್ದೆ ಇರ್ಲಿಲ್ಲ, ನಂಗೂ ಇರ್ಲಿಲ್ಲ. ಆಮೇಲೆ ಅವನು ಮಗು ಹಂಗೆ ಮಲಗೋಕೆ ಶುರುಮಾಡ್ದ. ಸದ್ದೇ ಇಲ್ಲ. ನಾನು ಪಕ್ಕದಲ್ಲಿ ಕಣ್ ಬಿಟ್ಕೊಂಡು ನೋಡ್ತಿದ್ದೆ. ಮಗನ್ನ ಕೊಂದೋನು ಹೆಂಗೆ ಸ್ವಾಮಿ ಅಷ್ಟು ಚೆನ್ನಾಗಿ ಮಲಗ್ತಾನೆ? ನಿನ್ನೆ ನನ್ ಮಾತ್ರೆಯೆಲ್ಲ ಹಾಲಿಗೆ ಹಾಕ್ದೆ. ನಿದ್ದೆ ಹತ್ತಿದ್ಮೇಲೆ ಬಿರಡೆ ಹಾಕ್ದೆ."

"ಕಾಳಯ್ಯ ನೇಣಿಗೆ ಹೋಗ್ತಿದ್ದ."

"ಅವರನ್ನ ದೇವರೇ ಕಳಿಸ್ದ ಅಂದ್ಕೊಂಡೆ. ತಪ್ಪಾಯ್ತು."

* * *

ಮಾರನೆಯ ದಿನ ಕಾಳಯ್ಯನನ್ನು ಹೊರಗೆ ಕರೆಸಿ ರುದ್ರಯ್ಯ ಎಲ್ಲ ಹೇಳಿದ. ಮನೆಗೆ ನುಗ್ಗಿದ್ದಕ್ಕೆ ಬೇರೆ ಕೇಸಾಗುತ್ತೆ, ಕೊಲೆ ನಿನ್ನ ತಲೆಗಿಲ್ಲ ಎಂದ. ಕಾಳಯ್ಯನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಆವಮ್ಮನ ಮಗನೂ ಅದೇ ಬಸ್ಸಲ್ಲಿದ್ನಾ?"

"ಹೂಂ."

"ಹಂಗಾರೆ ಸಾಮಿ, ನಾನೇ ಕೊಂದೆ ಅಂತಲೇ ಬರ್ಕೊಳಿ. ನಾನು ಒತ್ತಿದ್ದು ಸುಳ್ಳಲ್ಲ. ಆವಮ್ಮನ್ನ ಬುಟ್ಬುಡಿ."

"ಆಗಲ್ಲ ಕಾಳಯ್ಯ."

ಕೋರ್ಟಿಗೆ ಹೊರಡಲು ಜೀಪು ತಯಾರಾಗಿತ್ತು. ರಾಮಾಂಜಿನಯ್ಯ ಲಾಕಪ್ಪಿನ ಬೀಗ ತೆಗೆದವನು ಅಲ್ಲೇ ನಿಂತ. ರಂಗಲಕ್ಷ್ಮಮ್ಮ ಬರಿಯ ಕಲ್ಲುನೆಲದ ಮೇಲೆ, ತೋಳನ್ನೇ ತಲೆದಿಂಬು ಮಾಡಿಕೊಂಡು ಗಾಢವಾಗಿ ನಿದ್ದೆಹೋಗಿದ್ದಳು. ಬೀಗದ ಸದ್ದಿಗೂ ಅವಳು ಅಲುಗಲಿಲ್ಲ.

"ಎಬ್ಬಿಸ್ಲಾ ಸಾರ್?"

"ಒಂದ್ ಗಳಿಗೆ ಮಲಗ್ಲಿ ಬುಡಿ ಸಾಮಿ," ಎಂದ ಕಾಳಯ್ಯ.

ರುದ್ರಯ್ಯ ಡ್ರೈವರಿಗೆ ಜೀಪಿನ ಎಂಜಿನ್ ಆರಿಸಲು ಹೇಳಿದ.