ಮುಂದಿನ ಸೀಟಿಗೆ ಹಾಸಿದ ಕವರ್

“ಆ ಪ್ಲಾಸ್ಟಿಕ್ ಯಾಕೆ ಹಾಸ್ತಿದ್ದೀರಿ?”

ವಿಜೇತಾಳ ಧ್ವನಿ ಕೇಳಿ ಶೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಕಾರಿನ ಮುಂದಿನ ಸೀಟಿನ ಮೇಲೆ ದೊಡ್ಡದೊಂದು ಪ್ಲಾಸ್ಟಿಕ್ ಕವರ್ ಹಾಸುತ್ತಿದ್ದ ಭುವನ್ ನೆಟ್ಟಗೆ ನಿಂತ. ಈಗಷ್ಟೇ ಅವಳ ಜೊತೆ ನಗುನಗುತ್ತಾ ಮಾತಾಡಿದ್ದ ಸೇಲ್ಸ್‌ನ ಹುಡುಗ. ಆ ನಗು ತನಗೆ ಹಿಡಿಸಿತು ಎಂದು ಅವಳ ಮನಸ್ಸು ಒಪ್ಪಿಕೊಂಡೂ ಆಗಿತ್ತು. ಅದಕ್ಕೇ ಈ ಪೆಟ್ಟು ಇಷ್ಟು ಜೋರಾಗಿ ಬಿತ್ತೇನೋ!

“ಟೆಸ್ಟ್ ಡ್ರೈವ್‌ಗೆ ಮೇಡಂ... ಅಮ್ಮ ಇಲ್ಲಿ ಕೂತು ನೋಡ್ಲಿ ಅಂತ...”

ಪಕ್ಕದಲ್ಲಿದ್ದ ಅಮ್ಮ ಹರಿಣಾಕ್ಷಿ ಮಾರ್ಕೆಟಿನಲ್ಲಿ ಮೀನು ಮಾರಿ ನೇರ ಬಂದಿದ್ದಳು. ಕವರ್ ನೋಡಿ ಅವಳು ಸೆರಗು ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು.

“ಹೌದು ಮಗಾ, ನನ್ನ ಸೀರೆಯಲ್ಲಿ ವಾಸನೆ ಉಂಟು. ಹೊಸ ಕಾರು ಪಾಪ, ಹಾಳಾಗ್ತದೆ.”

ವಿಜೇತಾಳ ಕಣ್ಣು ತುಂಬಿತು. ಶಾಲೆಯಲ್ಲಿ ಅವಳು ಕೂತ ಬೆಂಚಿನಿಂದ ಹುಡುಗಿಯರು ಮೂಗು ಮುಚ್ಚಿ ಎದ್ದು ಹೋಗುತ್ತಿದ್ದರು. ಈಗ ಸುರತ್ಕಲ್‌ನಲ್ಲಿ ಒಳ್ಳೆಯ ಕೆಲಸ, ಕೈತುಂಬ ಸಂಬಳ... ಆದರೂ ಅಮ್ಮ ಹಿಂದೆ ಸರಿಯಬೇಕಾ?

“ಮೇಡಂ, ನೀವು ತಪ್ಪು ತಿಳಿದ್ರಿ. ಇದು...”

“ಎಂತ ಮೇಡಂ? ನಮ್ಮ ದುಡ್ಡಿಗೆ ವಾಸನೆ ಇಲ್ವಾ? ಅಮ್ಮ, ಬಾ!”

ಬಾಗಿಲವರೆಗೂ ಅವನು ಹಿಂದೆಯೇ ಬಂದ. “ಕಾರು ಎಲ್ಲಿ ಬೇಕಾದ್ರೂ ತಗೊಳ್ಳಿ. ಆದ್ರೆ ತಂದೆಯವರನ್ನು ಒಮ್ಮೆ ಕೂರಿಸಿ ನೋಡದೆ ತಗೊಳ್ಬೇಡಿ, ಪ್ಲೀಸ್...”

ಅಪ್ಪನ ವಿಷಯ ಇವನಿಗೆ ಹೇಗೆ ಗೊತ್ತು? ಅವಳು ಕಾರಿನ ಬಣ್ಣ ನೋಡುತ್ತಿದ್ದಾಗ ಅಮ್ಮ ಹೇಳಿದ್ದಿರಬೇಕು. ಆ ಸಿಟ್ಟಿನಲ್ಲಿ ಯೋಚಿಸಲು ಪುರುಸೊತ್ತೆಲ್ಲಿ! ಅವನ ನಂಬರನ್ನು ಬ್ಲಾಕ್ ಮಾಡಿಯೇ ಅವಳು ಆಟೋ ಹತ್ತಿದಳು.

ಕಾರು ಬೇಕಾಗಿದ್ದದ್ದೇ ಅಪ್ಪನಿಗೆ. ದೂಮಪ್ಪ ಅರ್ಧ ಆಯುಷ್ಯವನ್ನು ಕಡಲಿನಲ್ಲೇ ಕಳೆದವರು. ಪಾರ್ಶ್ವವಾಯು ಬಡಿದು ಬಲಗಾಲು ಸೋತ ಮೇಲೆ ಜೆಪ್ಪುವಿನ ಮನೆಯ ಜಗಲಿಯೇ ಅವರ ಲೋಕವಾಗಿತ್ತು. ಆಟೋದಲ್ಲಿ ಕುಲುಕಿದರೆ ಸೊಂಟದ ನೋವಿಗೆ ಕಿರುಚುತ್ತಿದ್ದರು. ಅವರ ಬೋಟನ್ನು ಕಾರವಾರದವರಿಗೆ ಮಾರಿಯಾಗಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದ ದಿನ ಅದು ತಣ್ಣೀರುಬಾವಿ ಕಡಲತೀರದ ಎದುರಿನಿಂದ ಹಾದು ಹೋದರೆ, ಮತ್ತೆ ಮಂಗಳೂರಿಗೆ ಬರುವುದಿಲ್ಲ.

“ಒಮ್ಮೆ ಕಣ್ತುಂಬ ನೋಡ್ಬೇಕು ಮಗಾ,” ಎಂದಿದ್ದರು. “ಮತ್ತೆ ನನಗೆ ಎಂತದೂ ಬೇಡ.”

ಮರುದಿನವೇ ವಿಜೇತಾ ಬೇರೆ ಶೋರೂಮಿಗೆ ಹೋದಳು. ಅಲ್ಲಿದ್ದದ್ದರಲ್ಲೇ ಎತ್ತರದ, ದೊಡ್ಡ ಕಾರಿನತ್ತ ಕೈ ತೋರಿಸಿದಳು.

“ಒಂದು ರೌಂಡ್ ಓಡಿಸಿ ನೋಡ್ತೀರಾ ಮೇಡಂ?”

“ಬೇಡ. ಬಿಲ್ ಮಾಡಿ.”

ಆ ಹುಡುಗ ನೋಡಲಿ, ಮೀನು ಮಾರುವವಳ ಮಗಳು ಎಂಥ ಕಾರು ತಗೊಂಡಳು ಅಂತ! ಹಾಗೆ ಅಂದುಕೊಂಡು ಅವಳು ಬೀಗಿದಳು. ಅವನು ನೋಡಲೇ ಇಲ್ಲ. ನೋಡಿದ್ದು ಅಪ್ಪ.

ಹೂಮಾಲೆ ಹಾಕಿದ ಕಾರು ಅಂಗಳಕ್ಕೆ ಬಂತು. ಅಮ್ಮ ತೆಂಗಿನಕಾಯಿ ಒಡೆದಳು. ದೂಮಪ್ಪ ಕೋಲೂರಿ ಬಂದು ಬಾಗಿಲು ಹಿಡಿದರು. ಎಡಗಾಲು ಎತ್ತಿದರೆ ಬಲಗಾಲು ನಿಲ್ಲಲಿಲ್ಲ. ಬಲಗಾಲು ಎತ್ತಲು ಆಗಲೇ ಇಲ್ಲ. ಪಕ್ಕದ ಮನೆಯವರು ಎತ್ತಿ ಕೂರಿಸಲು ಹೋದಾಗ ಸೊಂಟ ಹಿಡಿದುಕೊಂಡು ಅವರು ನರಳಿದರು.

“ಬಿಡಿ ಮಾರಾಯ್ರೆ... ಬಿಡಿ.” ಅವರು ಬೆವರುತ್ತಿದ್ದರು. ಆದರೂ ಮಗಳ ಮುಖ ನೋಡಿ ನಕ್ಕರು. “ಕಾರು ಚಂದ ಉಂಟು ಮಗಾ. ಭಾರೀ ಚಂದ ಉಂಟು.”

ಬೋಟು ಹೊರಡುವ ದಿನ ಬೆಳಿಗ್ಗೆ ಮತ್ತೊಮ್ಮೆ ಪ್ರಯತ್ನಿಸಿದರು. ಆಗಲಿಲ್ಲ.

“ನೀನು ಹೋಗಿ ನೋಡಿ ಬಾ. ನೀನು ನೋಡಿದ್ರೆ ನಾನು ನೋಡಿದ ಹಾಗೆಯೇ.”

ಅಷ್ಟು ದೊಡ್ಡ ಕಾರಿನಲ್ಲಿ ವಿಜೇತಾ ಒಬ್ಬಳೇ ಹೋದಳು. ಬೋಟು ಹೋಗುವುದನ್ನು ಮೊಬೈಲಿನಲ್ಲಿ ತೆಗೆದು ತಂದಳು. ದೂಮಪ್ಪ ಅದನ್ನು ನೋಡಿದರು, ಇನ್ನೊಮ್ಮೆ ಹಾಕು ಎಂದರು, ಮತ್ತೂ ಒಮ್ಮೆ ಹಾಕು ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ತಿಂಗಳಾಗಿತ್ತು. ಅತ್ತಾವರದ ಆಸ್ಪತ್ರೆಯಿಂದ ವ್ಯಾಯಾಮ ಮಾಡಿಸಲು ಎಸ್ತೆರ್ ಎಂಬವಳು ಮನೆಗೆ ಬರತೊಡಗಿದ್ದಳು. ಒಂದು ಸಂಜೆ ಅವಳು ಕುರ್ಚಿಯ ಮೇಲೆ ಪ್ಲಾಸ್ಟಿಕ್ ಕವರ್ ಹಾಸಿ ದೂಮಪ್ಪನವರನ್ನು ಅಡ್ಡಕ್ಕೆ ಕೂರಿಸಿದಳು. ಮೆಲ್ಲಗೆ ತಿರುಗಿಸಿದರೆ ಅವರು ನೋವಿಲ್ಲದೆ ಜಾರಿ ನೇರವಾದರು.

“ನೋಡಿದ್ರಾ? ಕಾರಿನ ಸೀಟಿಗೂ ಹೀಗೇ ಹಾಸಿ. ಕಾಲಿಗೆ ಬಲ ಇಲ್ಲದವರಿಗೆ ತಿರುಗ್ಲಿಕ್ಕೆ ಸುಲಭ. ಆದ್ರೆ ಕಾರು ತಗ್ಗಿದ್ದರೆ ಮಾತ್ರ. ನಿಮ್ಮದು ಭಾರೀ ಎತ್ತರ ಆಯ್ತು. ತಗೊಳ್ಳುವ ಮೊದಲು ಇವರನ್ನು ಕೂರಿಸಿ ನೋಡ್ಲಿಲ್ವಾ?”

ವಿಜೇತಾ ಕುರ್ಚಿಯ ಮೇಲಿನ ಕವರನ್ನೇ ನೋಡಿದಳು.

ಹಾಗಾದರೆ ಆ ದಿನ ಅವನು... ಅಯ್ಯೋ ದೇವರೇ! ವಾಸನೆಗಲ್ಲ. ಅಪ್ಪನಿಗೆ! ಅಮ್ಮನನ್ನು ಕೂರಿಸಿ ತಿರುಗಿಸಿ ತೋರಿಸಲು ಹೊರಟಿದ್ದ. ಬಾಗಿಲವರೆಗೂ ಬಂದು ಬೇಡಿಕೊಂಡಿದ್ದ.

ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಅವಳು ಅತ್ತಳು.

ಮರುದಿನ ಶೋರೂಮಿನಲ್ಲಿ ಅವಳನ್ನು ಕಂಡು ಭುವನ್ ಕುರ್ಚಿಯಿಂದ ಎದ್ದೇಬಿಟ್ಟ.

“ಬೈಲಿಕ್ಕೆ ಬಂದದ್ದಲ್ಲ,” ಎಂದಳು. “ಕವರ್ ಯಾಕಂತ ಗೊತ್ತಾಯ್ತು. ತಡವಾಗಿ. ಅಪ್ಪನಿಗೆ ಬೋಟು ನೋಡ್ಲಿಕ್ಕೆ ಆಗ್ಲಿಲ್ಲ ಭುವನ್. ನನ್ನ ಜಂಬದಿಂದ.”

ಅವನು ಅವಳತ್ತ ಒಂದು ಕುರ್ಚಿ ಸರಿಸಿದ.

“ನನ್ನ ಅಜ್ಜಿಗೂ ಹೀಗೇ ಕಾಲು ಸೋತಿತ್ತು. ಅವರನ್ನು ಕವರ್ ಹಾಸಿಯೇ ಕೂರಿಸ್ತಿದ್ದೆ. ನಿಮಗೆ ಮೊದಲು ಹೇಳಿ ಮತ್ತೆ ಹಾಸ್ಬೇಕಿತ್ತು. ನಿಮ್ಮ ಅಮ್ಮ ಹಿಂದೆ ಸರಿದದ್ದು... ಅದು ಈಗಲೂ ಕಣ್ಣಿಗೆ ಕಟ್ತದೆ.”

“ಆ ಕಾರು ಮಾರ್ತೇನೆ. ಆ ದಿನ ನೋಡಿದ ಕಾರನ್ನೇ ಕೊಡಿ.”

“ಕೊಡುವುದಿಲ್ಲ!” ಅವನು ಅಂದು ಮೊದಲ ಬಾರಿ ನಕ್ಕ. “ಮೊದಲು ಅಪ್ಪ ಕೂತು ನೋಡ್ಲಿ.”

ಭಾನುವಾರ ಆ ತಗ್ಗಿನ ಕಾರು ಜೆಪ್ಪುವಿನ ಅಂಗಳದಲ್ಲಿತ್ತು. ಭುವನ್ ಕವರ್ ತೆಗೆದು ಮೊದಲು ಹರಿಣಾಕ್ಷಿಗೆ ತೋರಿಸಿದ. “ಅಮ್ಮ, ಇದು ಇವರು ತಿರುಗ್ಲಿಕ್ಕೆ. ಅಷ್ಟೇ.”

“ಗೊತ್ತಾಯ್ತು ಮಾರಾಯಾ, ಹಾಸು.”

ದೂಮಪ್ಪ ಕೂತರು. ಜಾರಿದರು. ತಿರುಗಿದರು. ಕಾಲುಗಳು ಒಳಗೆ ಬಂದವು. “ಹೋ! ಇಷ್ಟೇಯಾ?” ಎಂದು ಅವರು ಮಗುವಿನ ಹಾಗೆ ನಕ್ಕಾಗ ವಿಜೇತಾ ಮುಖ ತಿರುಗಿಸಿಕೊಂಡಳು. ಇಷ್ಟೇ ಇತ್ತು!

ತಣ್ಣೀರುಬಾವಿಯಲ್ಲಿ ಕಾರನ್ನು ಕಡಲಿಗೆ ಮುಖ ಮಾಡಿ ನಿಲ್ಲಿಸಿದರು. ದೂರದಲ್ಲಿ ಯಾರದ್ದೋ ಬೋಟುಗಳು ಹೋಗುತ್ತಿದ್ದವು. ದೂಮಪ್ಪ ಅವುಗಳನ್ನು ನೋಡಲಿಲ್ಲ. ಬಲಕ್ಕೆ, ಉತ್ತರಕ್ಕೆ ನೋಡುತ್ತಾ ಕೂತರು.

“ಕಾರವಾರ ಆ ಕಡೆ ಅಲ್ವಾ ಮಗಾ?”

ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಕಾರಿನಿಂದಿಳಿದು, ಗಾಳಿಮರಗಳ ಹತ್ತಿರ ಹೋಗಿ ನಿಂತಳು. ಭುವನ್ ಹಿಂದೆ ಬಂದ.

“ಆ ದಿನ ಪೂರ್ತಿ ಕೇಳಿಸಿಕೊಂಡಿದ್ರೆ...”

“ನಾನು ನಿಮ್ಮ ಮನೆ ಹುಡುಕಿ ಬಂದು ಹೇಳಿದ್ರೆ... ಬರ್ಬೇಕಂತ ದಿನಾ ಅನ್ನಿಸ್ತಿತ್ತು. ಕಸ್ಟಮರನ್ನು ಯಾರೂ ಅಷ್ಟು ಸಲ ನೆನಪು ಮಾಡ್ಕೊಳ್ಳುವುದಿಲ್ಲ ವಿಜೇತಾ. ಆಗಲೇ ನನಗೆ ಗೊತ್ತಾಯ್ತು.”

“ಎಂತ ಗೊತ್ತಾಯ್ತು?”

“ನೀವು ನನಗೆ ಬೇಕು ಅಂತ.”

ಅವಳು ಅಳುತ್ತಲೇ ಅವನನ್ನು ನೋಡಿದಳು. ಅವಳಿಗೂ ಅವನು ಬೇಕಿತ್ತು, ಮೊದಲ ದಿನದಿಂದಲೇ. ಆ ಒಂದು ಬೆಳಗನ್ನು ಮಾತ್ರ ಯಾರೂ ಅಪ್ಪನಿಗೆ ಮರಳಿ ಕೊಡುವಂತಿರಲಿಲ್ಲ.

“ಬೋಟು ಕಾರವಾರದ ಬಂದರಿನಲ್ಲಿ ನಿಂತಿರ್ತದಲ್ಲ?” ಅವನು ಮೆಲ್ಲಗೆ ಕೇಳಿದ.

“ಅಪ್ಪನಿಗೆ ಅಷ್ಟು ದೂರ ಕೂರ್ಲಿಕ್ಕೆ ಆಗ್ತದಾ?”

“ಗೊತ್ತಿಲ್ಲ. ಮೊದಲು ಉಡುಪಿವರೆಗೆ ಹೋಗಿ ನೋಡುವ. ಆದ್ರೆ ಮುಂದೆ. ಆಗದಿದ್ರೆ ವಾಪಸ್.”

“ನೀವೂ ಬರ್ತೀರಾ?”

“ಸೇಲ್ಸ್‌ನವನಾಗಿ ಬರುವುದಿಲ್ಲ.”

ವಿಜೇತಾ ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

“ಹಾಗಾದ್ರೆ ಅಪ್ಪನ ಹತ್ತಿರ ನೀವೇ ಹೇಳಿ, ಯಾರಾಗಿ ಬರ್ತೀರಿ ಅಂತ.”