ಒಣಗದ ಕೊನೆಯ ಸಾಲು

ಅಪ್ಪನ ಅಚ್ಚುಕೂಟದ ಹಸಿ ಮಸಿಯ ವಾಸನೆ ನನ್ನ ಬಾಲ್ಯದ್ದು. ಕಳೆದ ಮಾರ್ಚಿನ ಒಂದು ಮಧ್ಯಾಹ್ನ, ಇಂಗ್ಲೆಂಡಿನ ಯಾರ್ಕಿನ ನನ್ನ ಮನೆಯಲ್ಲಿ ಅದೇ ವಾಸನೆ ಮತ್ತೆ ಬಂತು.

ನಾನು ಹಳೆಯ ನೇಣಿನ ಹಾಳೆಗಳನ್ನು, ಅಂದರೆ ಗಲ್ಲಿಗೇರುವವರ ಅಪರಾಧ, ಕೊನೆಯ ಮಾತು ಅಚ್ಚಾದ ಹಾಳೆಗಳನ್ನು, ಸಂಗ್ರಹಿಸುತ್ತೇನೆ. ಗಲ್ಲು ನೋಡಲು ನೆರೆದವರಿಗೆ ಮಾರಲೆಂದು ಅವನ್ನು ಹಿಂದಿನ ದಿನವೇ ಅಚ್ಚು ಹಾಕುತ್ತಿದ್ದರು. ಹಾಗಾಗಿ ಅಪರಾಧಿಯ ‘ಕೊನೆಯ ಮಾತು’ ಮುದ್ರಕನೇ ಕಟ್ಟಿದ್ದು. ಅಂದು ಅಂಚೆಯಲ್ಲಿ ಬಂದ ಹಾಳೆ ಇನ್ನೂರು ವರ್ಷ ಹಳೆಯದು. ಕಾಯಿಲೆ ಬಿದ್ದ ನೆರೆಯವಳಿಗೆ ಸೂಪಿನಲ್ಲಿ ವಿಷವಿಟ್ಟಳೆಂದು ಆನ್ ಥ್ರೆಲ್ಕೆಲ್ಡ್ ಎಂಬವಳನ್ನು ಗಲ್ಲಿಗೇರಿಸಿದ ಸುದ್ದಿ. ಕೊನೆಯ ಸಾಲು: ‘ನಾನು ಹಾಕಿದ್ದು ಬಟಾಣಿ, ಉಪ್ಪು, ಅಷ್ಟೇ.’

ಹಾಳೆಯೆಲ್ಲ ಒಣಗಿತ್ತು. ಆ ಸಾಲು ಮಾತ್ರ ತಣ್ಣಗೆ, ಒದ್ದೆಯಾಗಿತ್ತು. ಮಸಿ ಹೀರುವ ಕಾಗದದಿಂದ ಮೂರು ಸಲ ಒತ್ತಿದೆ. ಮೂರು ಸಲವೂ ಮತ್ತೆ ಹಸಿಯಾಯಿತು.

ಆರು ವಾರಗಳ ಹಿಂದೆ ನನ್ನ ಸೊಂಟದ ಮೂಳೆ ಮುರಿದಂದಿನಿಂದ ಪಕ್ಕದ ಮನೆಯ ಮೇವಿಸ್ ದಿನವೂ ಊಟ ತಂದುಕೊಡುತ್ತಿದ್ದಳು. ನಾಲ್ಕಕ್ಕೆ ಬಾಗಿಲು ತಟ್ಟಿದಳು.

“ಮತ್ತೆ ಆ ಸತ್ತೋರ ಕಾಗದಾನಾ ಹೆಸ್ಟರ್? ನಿನ್ನನ್ನೇ ಗಲ್ಲಿಗೆ ಹಾಕ್ತಾರೇನೋ ಅನ್ನೋ ಹಾಗಿದೆ ಮುಖ!”

“ಒಳಗೆ ಬಾರೇ, ಒಂದು ಸಾಲು ಮುಟ್ಟಿ ನೋಡು.”

“ಅಯ್ಯೋ, ನಾನೊಲ್ಲೆ ತಾಯಿ! ಅದಿರೋವಾಗ ನಾನು ಒಳಗೆ ಕಾಲಿಡಲ್ಲ.”

“ಇವತ್ತೇನು ತಂದಿದೀಯ?”

“ಬಟಾಣಿ ಸೂಪು. ನಿನ್ನ ಬಿಪಿ ನೋಡಿ ಉಪ್ಪು ಕಡಿಮೆ ಹಾಕಿದೀನಿ.”

ಆರು ವಾರಗಳಲ್ಲಿ ಮೊದಲ ಸಲ ನನ್ನ ಕೈ ಹಿಂಜರಿಯಿತು. ಅವಳು ಅದನ್ನು ಕಂಡಳು. ಬಿಳಿ ಬಟ್ಟೆ ಸುತ್ತಿದ ಬಟ್ಟಲನ್ನು ಮೆಲ್ಲಗೆ ನನ್ನ ಕೈಗಿಟ್ಟಳು. ಬಟ್ಟೆಯ ಮೇಲೆ, ಹಾಳೆಯನ್ನು ಮುಟ್ಟಿಯೇ ಇರದ ಅವಳ ಹೆಬ್ಬೆರಳಿನ ಗುರುತು ಕಪ್ಪಗೆ, ಇನ್ನೂ ಹಸಿಯಾಗಿತ್ತು.