ಅವ್ವನ ಫ್ರಿಜ್ಜಿನಲ್ಲಿ ಮೀನು

“ಕೈ ತೆಗೀರಿ! ಅದನ್ನ ಮುಟ್ಟಬ್ಯಾಡ್ರಿ!”

ಹಿತ್ತಲ ಬಾಗಿಲಲ್ಲೇ ನಿಂತು ವಿಜಯಶ್ರೀ ಚೀರಿದಳು. ತಲೆನೋವೆಂದು ಮಾದಾಪುರದ ಆಫೀಸಿನಿಂದ ಅಂದು ಬೇಗ ಬಂದಿದ್ದಳು. ಬಂದರೆ ನೆಲಮಹಡಿಯ ತಮ್ಮ ಮನೆಯ ಹಿಂದಿನ ಅಂಗಳದಲ್ಲಿ ಯಾರೋ ಅಪರಿಚಿತ! ಅವನ ಮುಂದೆ ಬಾಗಿಲು ಕಳಚಿ ಅಂಗಾತ ಮಲಗಿಸಿದ ಅವ್ವನ ಫ್ರಿಜ್ಜು.

“ಅಲ್ರಿ, ನಾ ಮೂರನೇ ಮಹಡಿಯವ...”

“ಯಾವ ಮಹಡಿ ಆದ್ರೇನು? ವಯಸ್ಸಾದವರು ಒಬ್ಬರs ಇದ್ದಾಗ ಬಂದು ಸಾಮಾನು ಹೊಡಕೊಂಡು ಹೋಗಾಕ ನಾಚಿಕಿ ಆಗಂಗಿಲ್ಲೇನು? ನಮ್ಮವ್ವಂದ್ರಿ ಅದು!”

ಅವನು ಸ್ಕ್ರೂಡ್ರೈವರನ್ನು ಕಟ್ಟೆಯ ಮೇಲಿಟ್ಟು, “ತಪ್ಪಾತ್ರಿ” ಎಂದಷ್ಟೇ ಹೇಳಿ ಹೊರಟುಹೋದ.

ಅವ್ವ ಗುರುಬಾಯಿ ತೀರಿಕೊಂಡು ವರ್ಷವಾಗಿತ್ತು. ಮೊಟ್ಟೆ ತಿನ್ನದ ಮನೆ. ಫ್ರಿಜ್ಜಿನ ಮೊಟ್ಟೆಗೂಡುಗಳಲ್ಲಿ ಅವಳು ನಿಂಬೆಹಣ್ಣು ಜೋಡಿಸುತ್ತಿದ್ದಳು. ಫ್ರಿಜ್ಜು ಕೆಟ್ಟು ಹಿತ್ತಲು ಸೇರಿದ ಮೇಲೂ ವಿಜಯಶ್ರೀ ದಿನಾ ಸಂಜೆ ಅದರ ಬಾಗಿಲು ತೆರೆದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಅವ್ವ ಹೋದ ದಿನವೂ ಅವಳು ಅತ್ತಿರಲಿಲ್ಲ.

“ಆ ಗುರುಬಸವಗ ಯಾಕ ಬೈದಿ?” ಒಳಗಿನಿಂದ ಅಪ್ಪ ಸಿದ್ದರಾಮಪ್ಪ ಮಂಡಿ ಹಿಡಿದುಕೊಂಡು ನಿಧಾನವಾಗಿ ಬಂದರು. “ನಾನs ಕರದಿದ್ದೆ.”

“ಅಪ್ಪಾ...!”

“ನಮ್ಮ ಅಪಾರ್ಟ್‌ಮೆಂಟಿನ ಹಳೇ ಬಾವಿ ಮುಚ್ಚಾಕತ್ತಿದ್ರಲ್ಲ, ಪಾರ್ಕಿಂಗಿಗೆ. ಮೀನಿದ್ದಂಗ ಮಣ್ಣು ಸುರುವಾಕ ಹೊಂಟಿದ್ರು. ಇಂವ ಒಬ್ಬನs ಇಳದು ಅವನ್ನೆಲ್ಲ ಎತ್ತಿ ಡ್ರಮ್ಮಿನಾಗ ಇಟಗೊಂಡಾನ. ಜಾಗ ಸಾಲವಲ್ದು. ನಮ್ಮ ಫ್ರಿಜ್ಜಿನಾಗ ತೊಟ್ಟಿ ಮಾಡಪಾ, ನಮ್ಮ ಹಿತ್ತಲದಾಗs ಇರಲಿ ಅಂದೆ.”

ಅಪ್ಪನ ದನಿ ಇಳಿಯಿತು. “ದಿನಾ ಆ ಖಾಲಿ ಪೆಟಗಿ ಮುಂದ ನೀ ನಿಲ್ಲೂದು ನನಗ ನೋಡಾಕ ಆಗವಲ್ದು, ಮಗಳ.”

ವಿಜಯಶ್ರೀ ಕಟ್ಟೆಯ ಮೇಲಿನ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಂಡಳು. ಹಾಗಾದರೆ ಅಪ್ಪ ಎಲ್ಲವನ್ನೂ ನೋಡುತ್ತಿದ್ದರೇ...?

ಅವಳು ಮೂರನೇ ಮಹಡಿಗೆ ಹೋದಾಗ ಗುರುಬಸವ ಬಾಲ್ಕನಿಯಲ್ಲಿ ಕೂತು ಡ್ರಮ್ಮಿನ ನೀರನ್ನು ಚೊಂಬಿನಿಂದ ಎತ್ತೆತ್ತಿ ಸುರಿಯುತ್ತಿದ್ದ.

“ಹಿಂಗ ಸುರೀದಿದ್ರ ಅವಕ್ಕ ಉಸಿರು ಸಿಗಂಗಿಲ್ರಿ” ಎಂದ, ತಲೆ ಎತ್ತದೆ.

“ಅಪ್ಪಾನ ಕೊಟ್ಟಾರ ಅಂತ ಯಾಕ ಹೇಳಲಿಲ್ಲ?”

“ನಮ್ಮವ್ವಂದು ಅಂದ್ರಿ. ಅದರ ಮ್ಯಾಲ ನಾ ಏನ್ ಹೇಳ್ಲಿ?”

ಅವಳು ಸ್ಕ್ರೂಡ್ರೈವರನ್ನು ಅವನ ಮುಂದಿಟ್ಟಳು. “ನಾಳಿ ಬರ್ರಿ... ಇಬ್ಬರೂ ಕೂಡಿ ಮಾಡೋಣು.”

ಗುರುಬಸವ ಬೀದರಿನವನು. ಸಿಕಂದರಾಬಾದಿನ ಬ್ಯಾಂಕೊಂದರಲ್ಲಿ ಕೆಲಸ. ಮಾತು ಕಡಿಮೆ. ಮೆಕ್ಯಾನಿಕ್ ಬಂದು ಗ್ಯಾಸು ತೆಗೆದು ಯಂತ್ರ ಬಿಚ್ಚಿಕೊಂಡು ಹೋದ ಮೇಲೆ ಅವನು ತೂತುಗಳನ್ನೆಲ್ಲ ಸಿಲಿಕೋನ್ ಅಂಟಿನಿಂದ ಮುಚ್ಚಿದ. ನೀರಿನ ಭಾರಕ್ಕೆ ಉಬ್ಬದಂತೆ ಹಳೆಯ ಮಂಚದ ಹಲಗೆಗಳನ್ನು ಸುತ್ತ ಕಟ್ಟಿದ.

“ಮ್ಯಾಲಿಂದ ನೋಡಿದ್ರ ಬರೇ ಬೆನ್ನು ಕಾಣ್ತಾವ” ಎಂದಳು ವಿಜಯಶ್ರೀ. “ಅಪ್ಪಗ ಬಗ್ಗಾಕ ಆಗಂಗಿಲ್ಲ. ಕುರ್ಚಿಮ್ಯಾಗ ಕುಂತs ನೋಡಂಗಿದ್ರ...”

ಅವನು ಅವಳನ್ನೇ ಒಂದು ಗಳಿಗೆ ನೋಡಿದ. ಆಮೇಲೆ ಫ್ರಿಜ್ಜಿನ ಒಂದು ಮಗ್ಗುಲನ್ನು ಕೊಯ್ದು ಕಿಟಕಿ ಮಾಡಿದ. ಮುರಿದ ಊಟದ ಟೇಬಲ್ಲಿನ ದಪ್ಪ ಗಾಜನ್ನು ಇಬ್ಬರೂ ಹಿಡಿದು ಕೂರಿಸಿದರು. ಅಂಟು ಮೆತ್ತಿದ ಬೆರಳುಗಳು ತಾಕಿದವು... ಯಾರೂ ಬೇಗ ಕೈ ಹಿಂದೆಗೆಯಲಿಲ್ಲ.

‘ಬೇಡ, ವಿಜಯಾ’ ಎಂದಿತು ಅವಳ ಮನಸ್ಸು. ಬಂದ ಸಂಬಂಧಗಳನ್ನೆಲ್ಲ ಅವಳು ಬೇಡ ಅಂದಿದ್ದಳು. ಅವಳೂ ಹೋದರೆ ಅಪ್ಪನಿಗೆ ಯಾರು?

ಅಂದು ಸಂಜೆ ಪಕ್ಕದ ಮನೆಯ ನೀಲಾ ಆಂಟಿ ಗೋಡೆಯಾಚೆಯಿಂದ ಕೇಳಿಯೇಬಿಟ್ಟರು. “ಏನವಾ, ಮದುವಿ ಹುಗ್ಗಿ ಊಟ ಯಾವಾಗ ಹಾಕಸ್ತೀರಿ?”

ವಿಜಯಶ್ರೀ ಗಾಬರಿಯಾದಳು. “ಅಯ್ಯ, ಅವರು ಯಾರೋ ಏನೋ! ತೊಟ್ಟಿ ಕೆಲಸ ಮುಗದ್ರ ಅವರ ಹಾದಿ ಅವರಿಗೆ!”

ತಿರುಗಿದರೆ... ಗೇಟಿನ ಹತ್ತಿರ ಗುರುಬಸವ ನಿಂತಿದ್ದ.

“ಅಂಟು ಒಣಗಾಕ ಒಂದ್ ವಾರ ಬೇಕ್ರಿ. ಅಲ್ಲೀತನಕ ನೀರು ಹಾಕಬ್ಯಾಡ್ರಿ” ಎಂದ. ಮರುದಿನದಿಂದ ಬರಲಿಲ್ಲ.

ಮೇ ತಿಂಗಳ ಬಿಸಿಲು. ಡ್ರಮ್ಮುಗಳನ್ನು ಅವನು ಮೊದಲೇ ಹಿತ್ತಲಿಗೆ ತಂದಿಟ್ಟಿದ್ದ. ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದವು. ಚೊಂಬು ಎತ್ತಿ ಎತ್ತಿ ವಿಜಯಶ್ರೀಯ ಕೈ ಸೋತಿತು. ವಾರ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಅವಳು ತಡೆಯಲಾರದೆ ತೊಟ್ಟಿಗೆ ನೀರು ತುಂಬಿ ಮೀನು ಬಿಟ್ಟಳು.

ಎಷ್ಟು ಚಂದ ಈಜಿದವು! ಗಾಜಿನ ಹತ್ತಿರ ಬಂದು ಅವಳನ್ನೇ ನೋಡಿದವು...

ಅಷ್ಟರಲ್ಲಿ ಅಂಚಿನ ಅಂಟು ಬಿಟ್ಟಿತು. ಗಾಜು ಕಳಚಿ ನೀರು ಭೋರೆಂದು ಅಂಗಳಕ್ಕೆ ನುಗ್ಗಿತು!

“ಅಪ್ಪಾ!” ಬಕೀಟು, ಪಾತೇಲಿ, ಕುಕ್ಕರು... ಕೈಗೆ ಸಿಕ್ಕಿದ್ದಕ್ಕೆಲ್ಲ ಡ್ರಮ್ಮಿನ ನೀರು ತುಂಬಿ, ಒದ್ದಾಡುವ ಮೀನುಗಳನ್ನು ಅವಳು ಹಿಡಿದು ಹಿಡಿದು ಹಾಕಿದಳು. ಬಗ್ಗಲಾಗದ ಅಪ್ಪ ಬಾಗಿಲು ಹಿಡಿದು, “ಅಲ್ಲೊಂದು... ಅಲ್ಲೊಂದು...” ಎಂದು ತೋರಿಸುತ್ತಿದ್ದರು. ಕೊನೆಗೆ ಕೈಗೆ ಬಂದ ಎರಡು ಮೀನು ಅಲುಗಲಿಲ್ಲ.

ಅವಳು ಗುರುಬಸವನಿಗೆ ಫೋನ್ ಮಾಡಿದಳು. “ಬರ್ರಿ... ಗಾಜು ಕಳಚಿತ್ರಿ...”

ಗುರುಬಸವ ಮೆಟ್ರೋ ಹಿಡಿದು ಮನೆಯಿದ್ದ ಮಿಯಾಪುರಕ್ಕೆ ಬಂದು, ಆಫೀಸಿನ ಬಟ್ಟೆಯಲ್ಲೇ ಅಂಗಳಕ್ಕೆ ಓಡಿ ಬಂದ. ಒದ್ದೆ ನೆಲದ ಮೇಲೆ ಅವಳು ಕೂತಿದ್ದಳು. ಮಡಿಲಲ್ಲಿ ಸತ್ತ ಮೀನುಗಳು.

“ನೀವು ಬ್ಯಾಡ ಅಂದಿದ್ರಿ... ನಾ ಕೇಳಲಿಲ್ಲ. ನಾನs ಕೊಂದೆ...”

“ಉಳದದ್ದು ನೋಡ್ರಿ. ಎಷ್ಟೊಂದು ಉಳಿಸೀರಿ!”

“ಅವ್ವನ್ನ ಉಳಸ್ಕೊಳ್ಳಾಕ ಆಗಲಿಲ್ಲ...”

ಆ ಮಾತು ಎಲ್ಲಿಂದ ಬಂತೋ! ಒಂದು ವರ್ಷದ ಅಳು ಒಮ್ಮೆಲೇ ಕಟ್ಟೆಯೊಡೆಯಿತು. ಅವನು ಒದ್ದೆ ನೆಲದ ಮೇಲೆ ಅವಳ ಪಕ್ಕದಲ್ಲೇ ಕೂತ. ಅಳು ಇಳಿದ ಮೇಲೆ ಇಬ್ಬರೂ ಕಣಗಿಲೆ ಗಿಡದ ಬುಡದಲ್ಲಿ ಮೀನುಗಳನ್ನು ಹೂತರು.

ಗಾಜನ್ನು ಮತ್ತೆ ಕೂರಿಸಿದರು. ಈ ಸಲ ವಾರ ಪೂರ್ತಿ ಕಾದರು. ಅಷ್ಟೂ ದಿನ ಇಬ್ಬರೂ ಸರದಿಯಲ್ಲಿ ಚೊಂಬಿನಿಂದ ನೀರು ಸುರಿದರು. ಒಂದು ಸಂಜೆ ತೊಟ್ಟಿ ತುಂಬಿತು. ಒಂದು ಹನಿಯೂ ಸೋರಲಿಲ್ಲ! ಸಿದ್ದರಾಮಪ್ಪ ಕುರ್ಚಿ ಹಾಕಿಕೊಂಡು ಗಾಜಿನ ಮುಂದೆ ಕೂತರು.

“ಲಿಂಗಾಯತರ ಫ್ರಿಜ್ಜಿನಾಗ ಮೀನು! ನಿಮ್ಮವ್ವ ಇದ್ದಿದ್ರ...” ಎಂದವರು ನಕ್ಕು ಕಣ್ಣೊರೆಸಿಕೊಂಡರು.

ವಿಜಯಶ್ರೀ ಗುರುಬಸವನ ಕಡೆ ತಿರುಗಿದಳು. “ಅವತ್ತು ನೀಲಾ ಆಂಟಿಗೆ ನಾ ಅಂದದ್ದು... ಖರೇ ಅಲ್ರಿ.”

“ಮತ್ತ ಖರೇ ಯಾವುದು?”

“ನೀವು ಬರದ ದಿನ ನನಗ ಭಾಳ ತ್ರಾಸ ಆತು. ಆದ್ರ ಅಪ್ಪನ್ನ ಬಿಟ್ಟು ನಾ ಎಲ್ಲಿಗೂ ಬರಾಕ ಆಗಂಗಿಲ್ಲ...”

“ಬಿಟ್ಟು ಬಾ ಅಂತ ಯಾರಂದ್ರು?” ಅವನು ಮೊದಲ ಬಾರಿಗೆ ನಕ್ಕ. “ನಾನs ಮೂರು ಮಹಡಿ ಇಳದು ಬರ್ತೀನಿ. ಬರಲೇನು, ವಿಜಯಾ?”

‘ರಿ’ ಇಲ್ಲದ ತನ್ನ ಹೆಸರು ಅವನ ಬಾಯಲ್ಲಿ ಇಷ್ಟು ಮೆತ್ತಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

“ಬರ್ರಿ” ಎಂದಳು.